ಎರಡು ಇಂಚು ಮೂವತ್ತೈದು

ನಮ್ಮ ಕಡೆ ಮಳೆಯನ್ನು ಮಿಲಿಮೀಟರಿನಲ್ಲಿ ಹೇಳಿದರೆ ಯಾರ ಕಿವಿಗೂ ಇಳಿಯುವುದಿಲ್ಲ. ಮೂಡಿಗೆರೆ, ಬಣಕಲ್, ಕೊಟ್ಟಿಗೆಹಾರ, ಈ ಕಡೆ ಸಕಲೇಶಪುರದವರೆಗೂ ಮಳೆ ಅಂದರೆ ಇಂಚು ಮತ್ತು ಸೆಂಟ್ಸು. ಒಂದು ಇಂಚಿಗೆ ನೂರು ಸೆಂಟ್ಸು. ಬೆಳಿಗ್ಗೆ ಪೇಟೆಯಲ್ಲಿ ಇಬ್ಬರು ಬೆಳೆಗಾರರು ಎದುರಾದರೆ ‘ಚೆನ್ನಾಗಿದೀರಾ’ ಅನ್ನುವ ಮೊದಲು ‘ನಿಮ್ಮಲ್ಲೆಷ್ಟು’ ಅನ್ನುತ್ತಾರೆ. ಎಷ್ಟು ಏನು ಅಂತ ಯಾರೂ ತಿರುಗಿ ಕೇಳುವುದಿಲ್ಲ. ಕಾಫಿ ಗಿಡದಲ್ಲಿ ಹೂ ಅರಳಿಸುವ ಹೂ ಮಳೆ ಹೊತ್ತಿನಲ್ಲಿ ನಾಲ್ಕು ಕಿಲೋಮೀಟರ್ ಆಚೆಯ ತೋಟಕ್ಕೆ ತಮಗಿಂತ ಇಪ್ಪತ್ತು ಸೆಂಟ್ಸು ಜಾಸ್ತಿ ಬಿತ್ತು ಅಂತ ಹೊಟ್ಟೆಕಿಚ್ಚಿನಲ್ಲಿ ರಾತ್ರಿ ಊಟ ಬಿಟ್ಟವರನ್ನು ನಾನು ಕಣ್ಣಾರೆ ನೋಡಿದ್ದೇನೆ. ನಮ್ಮಪ್ಪನೇ ಬಿಟ್ಟಿದ್ದರು.

ನಾನಿರುವುದು ಇಂಗ್ಲೆಂಡಿನ ರೆಡಿಂಗ್ ಎಂಬ ಊರಿನಲ್ಲಿ. ಬರೆಯುವುದು ರೀಡಿಂಗ್ ಅಂತ, ಕರೆಯುವುದು ರೆಡಿಂಗ್ ಅಂತ. ಹದಿನೇಳು ವರ್ಷದಿಂದ ತಿದ್ದಿದರೂ ಅವ್ವನ ಬಾಯಲ್ಲಿ ಅದು ರೀಡಿಂಗೇ. ‘ನಾನು ದಿನಾ ರೀಡಿಂಗ್ ತಗೊಳ್ತೀನಿ, ಮಗ ಹೋಗಿ ರೀಡಿಂಗಲ್ಲೇ ಕೂತವ್ನೆ’ ಅಂತ ಬಂದ ನೆಂಟರಿಗೆಲ್ಲ ಹೇಳಿ ನಗುತ್ತಾಳೆ. ಅವಳು ತಗೊಳ್ಳುವ ರೀಡಿಂಗು ಮಳೆಯದು.

ದಿನಾ ಬೆಳಿಗ್ಗೆ ಎಂಟೂವರೆಗೆ ಅವಳು ಅಳೆಯುತ್ತಾಳೆ. ನಮ್ಮ ಹವಾಮಾನ ಇಲಾಖೆಯವರ ಹೊತ್ತೂ ಅದೇ. ಅಳೆದು ಒಳಗೆ ಬಂದು, ಕೈ ಒರೆಸಿಕೊಂಡು, ವಾಟ್ಸಾಪಿನಲ್ಲಿ ಮಾತು ರೆಕಾರ್ಡ್ ಮಾಡಿ ನನಗೆ ಕಳಿಸುತ್ತಾಳೆ. ಇಲ್ಲಿ ಆಗ ಬೇಸಿಗೆಯಾದರೆ ಬೆಳಗಿನ ಜಾವ ನಾಲ್ಕು. ನಾನು ಎದ್ದು ಚಹಾಕ್ಕೆ ನೀರಿಡುತ್ತಾ ಕೇಳಿಸಿಕೊಳ್ಳುತ್ತಿದ್ದೆ.

‘ಮಗ, ಎರಡು ಇಂಚು ಮೂವತ್ತೈದು. ರಾತ್ರಿ ಗಾಳಿ ಜೋರಿತ್ತು. ಕೆಳಗಿನ ಲೈನಿನ ಹತ್ರ ಒಂದು ಹಾಲುವಾಣ ಕಾಫಿ ಮೇಲೇ ಬಿದ್ದು ನಾಲ್ಕು ಗಿಡ ಹೋಯ್ತು. ಕರೆಂಟು ಮೊನ್ನೆ ಮಧ್ಯಾಹ್ನ ಹೋಗಿದ್ದು ಬಂದಿಲ್ಲ, ಫೋನು ಜೀಪಲ್ಲಿ ಚಾರ್ಜಿಗೆ ಹಾಕಿಸ್ದೆ. ಕೆಂದ ಹಸ ಗಬ್ಬ ನಿಂತದೆ. ಮೇಲಿನ ಪಟ್ಟೇಲಿ ಕೊಳೆರೋಗ ಶುರುವಾದಂಗೆ ಕಾಣ್ತದೆ. ನೀನು ಉಂಡ್ಯಾ?’

ಬೆಳಗಿನ ಜಾವ ನಾಲ್ಕು ಗಂಟೆಗೆ ಯಾವ ಊಟ ಅಂತ ನಾನೂ ಕೇಳಿದವನಲ್ಲ, ಅವಳೂ ಯೋಚಿಸಿದವಳಲ್ಲ.

ಅಪ್ಪ ಈ ಕೆಲಸ ಶುರು ಮಾಡಿದ್ದು 1978ರಲ್ಲಿ. ನಮ್ಮದು ಹದಿನೆಂಟು ಎಕರೆ, ಪ್ಲಾಂಟರು ಅನ್ನಿಸಿಕೊಳ್ಳುವಷ್ಟಿಲ್ಲ, ಬೆಳೆಗಾರ ಅಂದರೆ ಸರಿ. ಆದರೂ ಪಕ್ಕದ ದೊಡ್ಡ ಎಸ್ಟೇಟಿನವರು ತಮ್ಮ ಹಳೆಯ ಮಳೆಮಾಪಕವನ್ನು ಬದಲಾಯಿಸಿದಾಗ ಅದನ್ನು ಕೇಳಿ ತಂದು ಕಣದ ಆಚೆ ಬಯಲಲ್ಲಿ ಹೂಳಿದರು. ಐದು ಇಂಚು ಅಗಲದ ತಾಮ್ರದ ಆಲಿಕೆ, ಕೆಳಗೆ ನೀರು ನಿಲ್ಲುವ ಬಾಟಲಿ, ಹೊರಗೊಂದು ಡಬ್ಬ, ಬಾಯಿ ನೆಲದಿಂದ ಒಂದು ಅಡಿ ಮೇಲೆ. ಅಳೆಯುವುದಕ್ಕೆ ಒಂದು ಗಾಜಿನ ಗ್ಲಾಸು. ಆ ಗ್ಲಾಸಿಗೆ ನಮ್ಮ ಮನೆಯಲ್ಲಿ ದೇವರ ಮನೆಯ ಗೂಡಿನಲ್ಲಿ ಜಾಗ. ಹಳೇ ಸೀರೆ ಚೂರಿನಲ್ಲಿ ಸುತ್ತಿಟ್ಟಿರುತ್ತದೆ. ಒಡೆದರೆ ಬೇರೆ ಯಾವ ಗ್ಲಾಸೂ ನಡೆಯುವುದಿಲ್ಲ, ಆ ಆಲಿಕೆಯ ಅಗಲಕ್ಕೆ ಲೆಕ್ಕ ಹಾಕಿ ಗೆರೆ ಕೊರೆದ ಗ್ಲಾಸು ಅದು. ಮಕ್ಕಳಾದ ನಮಗೆ ದೇವರ ದೀಪ ಮುಟ್ಟಲು ಅಪ್ಪಣೆಯಿತ್ತು, ಗ್ಲಾಸು ಮುಟ್ಟಲು ಇರಲಿಲ್ಲ.

ಗ್ಲಾಸು ಅರ್ಧ ಇಂಚಿನದು. ಮೂರು ಇಂಚು ಮಳೆ ಬಿದ್ದಿದ್ದರೆ ಆರು ಸಲ ತುಂಬಿ ಚೆಲ್ಲಬೇಕು. ಸುರಿಯುವ ಮಳೆಯಲ್ಲಿ, ಕಾಲಿಗೆ ಉಂಬಳ ಹತ್ತುತ್ತಿರುವಾಗ, ನಾಲ್ಕನೆಯದೋ ಐದನೆಯದೋ ಅಂತ ಲೆಕ್ಕ ತಪ್ಪುವುದು ಸುಲಭ. ಅಪ್ಪ ಬಾಯಲ್ಲಿ ಎಣಿಸುತ್ತಿದ್ದರು, ಎಷ್ಟೋ ಸಲ ತಪ್ಪುತ್ತಿದ್ದರು. 2016ರಲ್ಲಿ ಅಪ್ಪ ಹೋದ ಮೇಲೆ ಅವ್ವ ಈ ಕೆಲಸ ಕೈಗೆತ್ತಿಕೊಂಡಳಲ್ಲ, ಅವಳು ಮೊದಲ ವಾರವೇ ಒಂದು ಉಪಾಯ ಮಾಡಿದಳು. ಮಡಿಲಲ್ಲಿ ಒಂದು ಹಿಡಿ ಒಣಗಿದ ಕಾಫಿ ಬೀಜ. ಒಂದು ಗ್ಲಾಸು ಚೆಲ್ಲಿದರೆ ಒಂದು ಬೀಜ ಬಲಗೈಯ ಸ್ವೆಟರ್ ಜೇಬಿಗೆ. ಒಳಗೆ ಬಂದು ಜೇಬು ಬರಿದು ಮಾಡಿ ಎಣಿಸಿ ಬರೆಯುವುದು. ಡೈರಿಯ ಪುಟ ತಿರುಗಿಸಿದರೆ 2016ರ ಅಕ್ಟೋಬರಿನಲ್ಲಿ ಕೈ ಬದಲಾದದ್ದು ಕಣ್ಣಿಗೆ ಹೊಡೆಯುತ್ತದೆ. ಅಲ್ಲಿಯವರೆಗೆ ಅಪ್ಪನ ಓರೆ ಇಂಗ್ಲಿಷ್ ಅಂಕಿ, ಅಲ್ಲಿಂದ ಮುಂದೆ ಅವ್ವನ ಗುಂಡು ಕನ್ನಡ ಅಂಕಿ. ೨-೩೫. ೦-೮೦. ೪-೧೦.

2019ರ ಆಗಸ್ಟಿನ ಪುಟವೊಂದು ನನಗೆ ಬಾಯಿಪಾಠ. ಚಾರ್ಮಾಡಿ ಘಾಟಿ ಕುಸಿದು ರಸ್ತೆ ಮುಚ್ಚಿದ ದಿನಗಳವು. ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳೇ ಇಳಿದು ಬಂದವು. ಆವತ್ತಿನ ತಾರೀಖಿನ ಮುಂದೆ ಅವ್ವ ಅಂಕಿ ಬರೆದಿಲ್ಲ. ‘ಬಾಟ್ಲಿ ತುಂಬಿ ಡಬ್ಬವೂ ತುಂಬಿ ಚೆಲ್ಲಿದೆ. ಲೆಕ್ಕ ಸಿಕ್ಕಿಲ್ಲ’ ಅಂತ ಬರೆದಿದ್ದಾಳೆ. ಏಳನೇ ಕ್ಲಾಸು ಓದಿದವಳು. ಅಂದಾಜಿಗೆ ಹತ್ತೋ ಹನ್ನೆರಡೋ ಅಂತ ಹಾಕಿದ್ದರೆ ಯಾರು ಕೇಳುತ್ತಿದ್ದರು!

2024ರ ಪುನರ್ವಸು ಮಳೆಯಲ್ಲಿ ಕಣದ ಅಂಚಿನ ಪಾಚಿಯ ಮೇಲೆ ಕಾಲು ಜಾರಿ ಬಿದ್ದಳು. ಎಡಗೈ ಮಣಿಕಟ್ಟು ಮುರಿಯಿತು. ಎಪ್ಪತ್ತಾರು ವಯಸ್ಸು. ಬಿದ್ದವಳು ಗ್ಲಾಸನ್ನು ಎದೆಗೆ ಅವುಚಿಕೊಂಡೇ ಬಿದ್ದಿದ್ದಾಳೆ, ಅದಕ್ಕೇ ಕೈ ಊರಲು ಒಂದೇ ಕೈ ಉಳಿದದ್ದು. ಗ್ಲಾಸಿಗೆ ಏನೂ ಆಗಿರಲಿಲ್ಲ. ಆಸ್ಪತ್ರೆಯಿಂದ ಚಿಕ್ಕಪ್ಪನ ಮಗ ಫೋನು ಮಾಡಿದಾಗ ನಾನು ಆಫೀಸಿನ ಮೆಟ್ಟಿಲ ಮೇಲೆ ಕೂತು, ಅವಳಿಗೆ ಬೈದೆನೋ ಅಳುತ್ತಿದ್ದೆನೋ ನೆನಪಿಲ್ಲ. ಆರು ವಾರ ಬ್ಯಾಂಡೇಜು. ಆ ಆರು ವಾರವೂ ಜಗಲಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಚಿಕ್ಕಪ್ಪನ ಸೊಸೆಯ ಕೈಲಿ ಅಳೆಸಿದಳು. ‘ಗ್ಲಾಸನ್ನ ಕಣ್ಣಿನ ನೇರಕ್ಕೆ ಹಿಡಿಯೇ, ನೀರಿನ ಹೊಟ್ಟೆ ನೋಡು, ಅಂಚು ನೋಡಬೇಡ’ ಅಂತ ಕೂಗುತ್ತಿದ್ದಳಂತೆ. ಗ್ಲಾಸಿನಲ್ಲಿ ನೀರು ಅಂಚಿಗೆ ಏರಿ ನಡುವೆ ತಗ್ಗಿರುತ್ತದಲ್ಲ, ಆ ತಗ್ಗನ್ನೇ ಓದಬೇಕು. ಇದನ್ನು ನಾನು ಹಾಸನದ ಮಲ್ನಾಡ್ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಿವಿಲ್ ಓದುವಾಗ ಇಂಗ್ಲಿಷಿನಲ್ಲಿ ಕಲಿತೆ, ಪಾಸಾದೆ, ಎಲ್ಲರಂತೆ ಸಾಫ್ಟ್‌ವೇರ್ ಸೇರಿದೆ.

ಮತ್ತೆ ಅವಳು ಪಾಚಿಯ ಮೇಲೆ ನಡೆಯಬಾರದು. ಅಷ್ಟೇ ನನ್ನ ತಲೆಯಲ್ಲಿದ್ದದ್ದು. 2025ರ ಏಪ್ರಿಲಿನಲ್ಲಿ ಊರಿಗೆ ಹೋಗುವಾಗ ವೈಫೈ ಮಳೆಮಾಪಕ ಒಂದನ್ನು ಸೂಟ್‌ಕೇಸಿನಲ್ಲಿ ಸ್ವೆಟರುಗಳ ನಡುವೆ ಇಟ್ಟುಕೊಂಡು ಹೋದೆ. ಅಂಗೈ ಅಗಲದ ಪ್ಲಾಸ್ಟಿಕ್ ಡಬ್ಬಿ. ಮನೆಯ ವೈಫೈ ಸಿಗುವ ಜಾಗ ಬೇಕಲ್ಲ, ಕಾರು ಷೆಡ್ಡಿನ ಪಕ್ಕ ಒಂದು ಪೈಪು ನೆಟ್ಟು ತಮ್ಮ ಅದರ ತುದಿಗೆ ಕೂರಿಸಿದ. ನನ್ನ ಫೋನಿನಲ್ಲಿ ಆ್ಯಪು. ಮೂಡಿಗೆರೆಯಲ್ಲಿ ಹನಿ ಬಿದ್ದರೆ ರೆಡಿಂಗ್‌ನಲ್ಲಿ ಟಿಂಗ್. ಅವ್ವ ಕೆಳಗೆ ನಿಂತು ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ‘ಇದ್ರ ಬಾಟ್ಲಿ ಎಲ್ಲಿ?’ ಅಂದಳು. ಬಾಟಲಿ ಇಲ್ಲ ಅವ್ವ, ನೀರು ನಿಲ್ಲಲ್ಲ, ಅದೇ ಎಣಿಸಿ ಚೆಲ್ಲುತ್ತೆ ಅಂದೆ. ‘ಮತ್ತೆ ಅದು ತಪ್ಪು ಹೇಳಿದ್ರೆ ತಿರುಗಿ ನೋಡೋಕೆ ನೀರೇ ಇರಲ್ವಲ್ಲ?’ ಅಂದಳು. ನಾನು ನಕ್ಕೆ.

ಆ ವರ್ಷ ಮುಂಗಾರಿಗೆ ಏನು ಅವಸರವೋ, ಮೇ 24ಕ್ಕೇ ಕೇರಳಕ್ಕೆ ಬಂದುಬಿಟ್ಟಿತು. ಆರಿದ್ರಾದಲ್ಲಿ ಸುರಿಯಬೇಕಾದ ಮಳೆ ರೋಹಿಣಿಯಲ್ಲೇ ಸುರಿಯತೊಡಗಿತು. ನನ್ನ ಫೋನು ರಾತ್ರಿಯೆಲ್ಲ ಟಿಂಗ್ ಟಿಂಗ್. ಹೆಂಡತಿ ಮೂರನೇ ದಿನ ಅದರ ಬಾಯಿ ಮುಚ್ಚಿಸಿದಳು. ಆದರೂ ಬೆಳಿಗ್ಗೆ ಎದ್ದ ಕೂಡಲೇ ಆ್ಯಪು ನೋಡುವುದು ಚಟವಾಯಿತು. ಗಂಟೆಗೆಷ್ಟು, ವಾರಕ್ಕೆಷ್ಟು, ನೀಲಿ ಕಂಬಗಳ ಸಾಲು. ನೋಡಿದ ಮೇಲೆ ಅವ್ವನ ಮಾತು ಕೇಳಿಸಿಕೊಳ್ಳುತ್ತಿದ್ದೆ. ಆಮೇಲಾಮೇಲೆ ಸಂಜೆ ಕೇಳಿಸಿಕೊಳ್ಳತೊಡಗಿದೆ. ಅಂಕಿ ಹೇಗೂ ಗೊತ್ತಾಗಿರುತ್ತಿತ್ತು.

ಅಂಕಿಗಳು ಹೊಂದುತ್ತಿರಲಿಲ್ಲ. ಸಣ್ಣ ಮಳೆಯ ದಿನ ಎರಡೂ ಹೆಚ್ಚುಕಮ್ಮಿ ಒಂದೇ. ದೊಡ್ಡ ಮಳೆ ಬಂದ ದಿನ ಅವ್ವನದು ಯಾವಾಗಲೂ ಜಾಸ್ತಿ. ಜುಲೈ ಮೊದಲ ವಾರ ಒಂದು ದಿನ ಅವಳು ‘ಮೂರು ಇಂಚು ಹತ್ತು’ ಅಂದಳು, ಆ್ಯಪು ಎರಡು ಐವತ್ತೆಂಟು ತೋರಿಸುತ್ತಿತ್ತು. ಅರ್ಧ ಇಂಚು ವ್ಯತ್ಯಾಸ, ಅಂದರೆ ಹೆಚ್ಚುಕಮ್ಮಿ ಒಂದು ಗ್ಲಾಸು. ಒಂದು ಗ್ಲಾಸು ಜಾಸ್ತಿ ಎಣಿಸಿದ್ದಾಳೆ ಅಂತ ನಾನೇ ತೀರ್ಮಾನ ಕೊಟ್ಟುಕೊಂಡೆ. ಫೋನು ಮಾಡಿ, ಬಹಳ ಮೆತ್ತಗೆ, ಮೆತ್ತಗೆ ಅಂತ ನಾನಂದುಕೊಂಡದ್ದು, ಹೇಳಿದೆ: ‘ಅವ್ವ, ಇಲ್ಲಿ ಎರಡು ಐವತ್ತೆಂಟು ಬಂದಿದೆ. ಕಣ್ಣು ತೋರಿಸ್ಕೊಂಡು ಎಷ್ಟು ದಿನ ಆಯ್ತು? ಪೊರೆ ಬಂದಿರ್ಬಹುದು. ಇನ್ಮೇಲೆ ನೀನು ಮಳೇಲಿ ಅಲ್ಲಿಗೆ ಹೋಗೋದೇ ಬೇಡ. ನಂಗೆ ಇಲ್ಲೇ ಬರ್ತದಲ್ಲ.’

ಆ ಕಡೆ ಹೆಂಚಿನ ಮೇಲೆ ಮಳೆ ಬೀಳುವ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ‘ಹೂಂ’ ಅಂದಳು.

ಮಾರನೇ ದಿನ ನಾಲ್ಕು ಗಂಟೆಗೆ ಬಂದ ಮಾತು ಮೂರೇ ಸೆಕೆಂಡಿನದು. ‘ನಿಂಗೆ ಬಂದಿರ್ಬೇಕಲ್ಲ.’ ಅದರ ಮಾರನೇ ದಿನ ಏನೂ ಬರಲಿಲ್ಲ. ಅದರ ಮಾರನೇ ದಿನವೂ. ನಾನು ಗಮನಿಸಲೂ ಇಲ್ಲ ಅನ್ನುವುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಕೆಲಸ ಜಾಸ್ತಿ ಇತ್ತು, ಮಗಳ ಪರೀಕ್ಷೆ ಇತ್ತು, ಭಾನುವಾರದ ವಿಡಿಯೋ ಕಾಲಿನಲ್ಲಿ ಅವ್ವ ಚೆನ್ನಾಗಿಯೇ ಕಾಣುತ್ತಿದ್ದಳು. ನನಗೆ ಅದು ಗೊತ್ತಾದದ್ದು ಬೇಲಿಯ ಪಕ್ಕ.

ನಮ್ಮ ಪಕ್ಕದ ಮನೆಯಲ್ಲಿ ಎಂಬತ್ತನಾಲ್ಕು ವರ್ಷದ ಅಜ್ಜಿಯಿದ್ದಾರೆ. ನಮ್ಮ ಮನೆಯೊಳಗೆ ಅವರಿಗೆ ಮಳೆಯಜ್ಜಿ ಅಂತ ಹೆಸರು. ಒಬ್ಬರೇ ಇರುವುದು. ಈ ಊರು ಒಂದು ಕಾಲದಲ್ಲಿ ಬಿಸ್ಕತ್ತಿಗೆ ಹೆಸರಾಗಿತ್ತು, ಹಂಟ್ಲಿ ಅಂಡ್ ಪಾಮರ್ಸ್ ಅಂತ. ಅವರ ತಗಡಿನ ಡಬ್ಬಗಳು ನಮ್ಮ ಕಡೆಯ ಹಳೇ ಎಸ್ಟೇಟ್ ಬಂಗಲೆಗಳ ಅಟ್ಟದಲ್ಲೂ ಸಿಕ್ಕಾವು. ಅಜ್ಜಿ ಹದಿನೇಳನೇ ವಯಸ್ಸಿಗೆ ಆ ಫ್ಯಾಕ್ಟರಿಯ ಲೆಕ್ಕದ ವಿಭಾಗ ಸೇರಿದವರು. 1976ರಲ್ಲಿ ಇಲ್ಲಿ ಬಿಸ್ಕತ್ತು ಮಾಡುವುದೇ ನಿಂತಿತು. ಲೆಕ್ಕ ಬರೆಯುವ ಕೈ ಮಾತ್ರ ನಿಲ್ಲಲಿಲ್ಲ. ಅವರ ಹಿತ್ತಲ ಹುಲ್ಲಿನ ನಡುವೆ ಒಂದು ತಾಮ್ರದ ಕೊಳವೆ ಹೂತಿದೆ. ನಾವು ಈ ಮನೆಗೆ ಬಂದ ದಿನ ಮಹಡಿಯ ಕಿಟಕಿಯಿಂದ ಅದನ್ನು ನೋಡಿ ನಾನು ನಿಂತುಬಿಟ್ಟಿದ್ದೆ. ಐದು ಇಂಚಿನ ಬಾಯಿ, ನೆಲದಿಂದ ಒಂದು ಅಡಿ.

ಅಪ್ಪನ ಮಳೆಮಾಪಕ ಮತ್ತು ಅಜ್ಜಿಯದು ಅಣ್ಣ-ತಮ್ಮ ಅಂತ ಆಮೇಲೆ ತಿಳಿಯಿತು. 1860ರಲ್ಲಿ ಸೈಮನ್ಸ್ ಎಂಬಾತ ಬ್ರಿಟನ್ನಿನ ಊರೂರಿನ ಪಾದ್ರಿಗಳು, ಡಾಕ್ಟರುಗಳು, ತೋಟದವರು, ಮೇಷ್ಟ್ರುಗಳಿಗೆಲ್ಲ ಕಾಗದ ಬರೆದು ಮಳೆ ಅಳೆಯಲು ಹಚ್ಚಿದನಂತೆ. ಅವನ ಹೆಸರಿನ ಮಾದರಿಯೇ ಹಡಗು ಹತ್ತಿ ನಮ್ಮಲ್ಲಿಗೂ ಬಂದದ್ದು. ಸಿವಿಲ್ ಓದಿದವರು ಹೈಡ್ರಾಲಜಿ ಪುಸ್ತಕದ ಮೊದಲ ಪಾಠದಲ್ಲೇ ಅದರ ಚಿತ್ರ ಬರೆದು ಐದು ಮಾರ್ಕು ತಗೊಂಡಿರುತ್ತಾರೆ.

ಆ ಜುಲೈ ಕೊನೆಗೆ ರೆಡಿಂಗ್‌ನ ನಮ್ಮ ಭಾಗದಲ್ಲಿ ಹಿತ್ತಲಿಗೆ ಪೈಪಿನಲ್ಲಿ ನೀರು ಬಿಡಬಾರದು ಅಂತ ನಿಷೇಧ ಬಂತು. ಇಂಗ್ಲೆಂಡಿನ ಹೆಸರು ಕೇಳಿದರೆ ನೆನಪಾಗುವುದೇ ಮಳೆ, ಆದರೆ ಇಲ್ಲಿ ವರ್ಷವಿಡೀ ಬೀಳುವುದು 25 ಇಂಚಿನ ಆಸುಪಾಸು. ನಮ್ಮಲ್ಲಿ ಅಷ್ಟನ್ನು ಒಂದು ಜುಲೈ ಮುಗಿಸುತ್ತದೆ. 2025ರ ಬೇಸಿಗೆಯಂತೂ ಈ ದೇಶದ ಅಲ್ಲಿಯವರೆಗಿನ ದಾಖಲೆಯಲ್ಲೇ ಅತಿ ಬಿಸಿಯದು. ಅಜ್ಜಿ ಪಾತ್ರೆ ತೊಳೆದ ನೀರನ್ನು ಬಕೆಟ್ಟಿನಲ್ಲಿ ತಂದು ಬಟಾಣಿ ಬಳ್ಳಿಗೆ ಹಾಕುತ್ತಿದ್ದರು. ನಾನು ಬೇಲಿಯ ಈಚೆ ನಿಂತು, ಸ್ವಲ್ಪ ಜಂಭದಿಂದಲೇ, ಫೋನು ತೋರಿಸಿದೆ. ನೋಡಿ, ನಮ್ಮೂರಲ್ಲಿ ಈಗ ಈ ಗಳಿಗೆಯಲ್ಲಿ ಸುರಿಯುತ್ತಿದೆ, ಇದು ಅಮ್ಮನ ಮನೆ.

ಅವರು ಕನ್ನಡಕ ಮೇಲೆತ್ತಿ ನೀಲಿ ಕಂಬಗಳನ್ನು ನೋಡಿದರು. ‘ಅಮ್ಮ ದಿನಾ ಅಳೆದು ನಿನಗೆ ಹೇಳುತ್ತಾರೆ ಅಂದಿದ್ದೆಯಲ್ಲ?’

ಈಗ ಅವರು ಕಷ್ಟಪಡಬೇಕಾಗಿಲ್ಲ, ಇದರಲ್ಲೇ ಬರುತ್ತದೆ ಅಂದೆ.

‘ಓ’ ಅಂದರು ಅಜ್ಜಿ. ಬಕೆಟ್ಟು ಕೆಳಗಿಟ್ಟರು. ‘ಹಾಗಾದರೆ ಈಗ ಅವರು ನಿನಗೆ ಏನು ಹೇಳುತ್ತಾರೆ?’

ಕುಹಕವಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕು ಅನ್ನುವ ಹಾಗೆ ಮುಖ ನೋಡುತ್ತಾ ಕೇಳಿದರು. ನಾನು ಬಾಯಿ ತೆರೆದೆ. ಕೆಂದ ಹಸು ಕರು ಹಾಕಿತೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

ಅಜ್ಜಿಯ ಮಗ ನ್ಯೂಜಿಲೆಂಡಿನಲ್ಲಿದ್ದಾನೆ. ಅವನೂ ಒಂದು ವರ್ಷ ಕ್ರಿಸ್ಮಸ್ಸಿಗೆ ಇಂಥದೇ ಒಂದನ್ನು ಕಳಿಸಿದ್ದನಂತೆ, ಷೆಡ್ಡಿನಲ್ಲಿದೆ ಅಂತ ತಂದು ಬಿಚ್ಚಿ ತೋರಿಸಿದರು. ಒಳಗೆ ಪುಟ್ಟದೊಂದು ಏತ. ಆಲಿಕೆಯಿಂದ ಬಿದ್ದ ನೀರು ಒಂದು ಬದಿಯ ಚಮಚ ತುಂಬಿದರೆ ಅದು ಟಕ್ಕೆಂದು ಮಗುಚಿ ಇನ್ನೊಂದು ಬದಿ ಮೇಲೇಳುತ್ತದೆ. ಯಂತ್ರ ಎಣಿಸುವುದು ಆ ಟಕ್ಕುಗಳನ್ನು, ನೀರನ್ನಲ್ಲ. ಅಜ್ಜಿ ಹೂಜಿಯಿಂದ ನಿಧಾನವಾಗಿ ನೀರು ಹುಯ್ದರು, ಟಕ್, ಟಕ್. ಆಮೇಲೆ ಒಮ್ಮೆಲೇ ಹುಯ್ದರು. ಚಮಚ ಮಗುಚುತ್ತಿರುವ ಆ ಅರೆಗಳಿಗೆಯಲ್ಲೂ ನೀರು ಬೀಳುತ್ತಲೇ ಇತ್ತಲ್ಲ, ಅದು ಯಾವ ಲೆಕ್ಕಕ್ಕೂ ಸೇರದೆ ಸೋರಿಹೋಯಿತು. ‘ಇದು ನಮ್ಮ ಊರಿನ ತುಂತುರಿಗೆ ಸರಿ’ ಅಂದರು. ‘ನಿಮ್ಮ ಮಳೆಗೆ ಸುಸ್ತಾಗುತ್ತದೆ.’ ಎಲ್ಲಿ ಕೂರಿಸಿದ್ದೀರಿ ಅಂತ ಕೇಳಿದರು. ಪೈಪಿನ ತುದಿಗೆ ಅಂದೆ. ಎತ್ತರದಲ್ಲಿ ಗಾಳಿ ಹನಿಯನ್ನು ಆಚೆ ಹೊತ್ತೊಯ್ಯುತ್ತದೆ ಅಂದರು. ಪಕ್ಕದಲ್ಲಿ ಮರ? ಸಿಲ್ವರ್ ಮರ ಇದೆ ಅಂದೆ. ಅವರು ಇನ್ನೇನೂ ಕೇಳಲಿಲ್ಲ, ಏತವನ್ನು ಒರೆಸಿ ಡಬ್ಬಿಗೆ ಹಾಕಿದರು.

ಮೂರು ಇಂಚು ಹತ್ತು. ಅವ್ವ ಹೇಳಿದ್ದೇ ಸರಿ.

ಆ ಮಗನಿಗೆ ಅಜ್ಜಿ ತಿಂಗಳ ಕೊನೆಗೆ ಮಳೆಯ ಮೊತ್ತ ಬರೆದು ಕಳಿಸುತ್ತಾರಂತೆ. ಅವನೇನನ್ನುತ್ತಾನೆ ಅಂತ ಕೇಳಿದೆ. ಹೆಬ್ಬೆರಳು ಎತ್ತಿ ತೋರಿಸಿದರು, ಫೋನಿನಲ್ಲಿ ಬರುತ್ತದಲ್ಲ ಹಳದಿ ಬಣ್ಣದ್ದು, ಅದು. ನಮ್ಮಲ್ಲಾದರೆ ಅಷ್ಟು ಓದಿಸಿ ಹಡಗು ಹತ್ತಿಸಿದ ಮಗ ಕೊನೆಗೆ ಹೆಬ್ಬೆಟ್ಟು ಒತ್ತುತ್ತಾನೆ ಅಂತ ನಗಾಡುತ್ತಿದ್ದರು. ನಾನು ನಗಲಿಲ್ಲ. ಅವ್ವ ಕಳಿಸಿದ ನಲವತ್ತೇಳು ಸೆಕೆಂಡಿನ ಮಾತುಗಳಿಗೆ ನಾನು ಕೊಡುತ್ತಿದ್ದ ಉತ್ತರವೂ ಬಹುಪಾಲು ಅದೇ ಹೆಬ್ಬೆಟ್ಟು.

ಅಜ್ಜಿಯ ಇನ್ನೊಂದು ಸಂಗತಿ ಹೇಳಲೇಬೇಕು. 2020ರ ಮಾರ್ಚಿನಲ್ಲಿ ಎಲ್ಲರೂ ಮನೆಯೊಳಗೆ ಕೂತಾಗ ಇದೇ ಊರಿನ ಯೂನಿವರ್ಸಿಟಿಯವರು ರೇನ್‌ಫಾಲ್ ರೆಸ್ಕ್ಯೂ ಅಂತ ಒಂದು ಕೆಲಸ ಶುರು ಮಾಡಿದರು. ಮಳೆ ಅಳೆದವರೆಲ್ಲ ಕೈಯಲ್ಲಿ ಬರೆದಿಟ್ಟ 65 ಸಾವಿರಕ್ಕೂ ಹೆಚ್ಚು ಹಳೆಯ ಹಾಳೆಗಳು, 1677ರಿಂದ 1960ರವರೆಗಿನವು. ಅದನ್ನು ಯಂತ್ರ ಓದಲಾರದು, ಮನುಷ್ಯರ ಕಣ್ಣೇ ಬೇಕು, ಮನೆಯಲ್ಲಿ ಕೂತು ಯಾರಾದರೂ ಓದಿ ಟೈಪು ಮಾಡುತ್ತೀರಾ ಅಂತ ಕೇಳಿದರು. 16 ಸಾವಿರ ಜನ ಸೇರಿ ಹದಿನಾರೇ ದಿನದಲ್ಲಿ 50 ಲಕ್ಷಕ್ಕೂ ಹೆಚ್ಚು ಅಂಕಿಗಳನ್ನು ಕಂಪ್ಯೂಟರಿಗೆ ಇಳಿಸಿದರು. ಅದರಿಂದಾಗಿ ಈ ದೇಶದ ಅಧಿಕೃತ ಮಳೆಯ ಲೆಕ್ಕ 1862ರಿಂದ ಹಿಂದೆ ಸರಿದು 1836ರವರೆಗೆ ಹೋಯಿತು. ನಮ್ಮ ಅಜ್ಜಿಯೂ ಕೂತು ಟೈಪು ಮಾಡಿದ್ದರು. ಇಂಚು ಮತ್ತು ನೂರರ ಭಾಗದಲ್ಲೇ ಇದ್ದವಂತೆ ಆ ಅಂಕಿಗಳೂ. ಒಂದು ಹಾಳೆಯ ಅಂಚಿನಲ್ಲಿ ಅಳೆಯುವವನಿಗೆ ಹುಷಾರಿಲ್ಲ ಅಂತ ಬರೆದು ಎರಡು ತಿಂಗಳು ಖಾಲಿ ಬಿಟ್ಟಿತ್ತು, ಮೂರನೇ ತಿಂಗಳಿಂದ ಬೇರೆ ಕೈ ಬರಹ ಅಂದರು. ಅದನ್ನು ಹೇಳುವಾಗ ಅವರ ಗಂಟಲು ಸ್ವಲ್ಪ ಕಟ್ಟಿತು. ನನಗೆ 2016ರ ಪುಟ ನೆನಪಾಯಿತು.

ನಮ್ಮ ಜಿಲ್ಲೆಯಲ್ಲಿ ಇಂಥ ಡೈರಿ ಎಷ್ಟು ಮನೆಯಲ್ಲಿಲ್ಲ! ಅಜ್ಜನ ಕಾಲದ್ದು, ರೈಟರು ಬರೆದದ್ದು, ಬಿಳಿಯ ದೊರೆ ಬಿಟ್ಟುಹೋದದ್ದು. ಆಗುವುದೇನು? ಆಸ್ತಿ ಪಾಲಾಗುವಾಗ ಬೀಟೆ ಮಂಚಕ್ಕೆ ಜಗಳವಾಗುತ್ತದೆ, ಡೈರಿಗಳು ಗುಜರಿಯವನ ತಕ್ಕಡಿ ಹತ್ತುತ್ತವೆ. ಮಿಕ್ಕದ್ದು ಗೆದ್ದಲಿಗೆ. ಆಮೇಲೆ ಕಾಫಿ ಗಿಡದ ಕೆಳಗೆ ಕುರ್ಚಿ ಹಾಕಿಕೊಂಡು ‘ಮೊದ್ಲೆಲ್ಲ ಎಂಥಾ ಮಳೆ, ಈಗೇನಿಲ್ಲ ಬಿಡಿ’ ಅಂತ ಮಾತಾಡುತ್ತೇವೆ. ಎಷ್ಟಿತ್ತು ಅಂತ ಕೇಳಿದರೆ ಕೈಯನ್ನು ಮೊಣಕಾಲವರೆಗೆ ತೋರಿಸುತ್ತೇವೆ. ನಾನೇನು ಕಮ್ಮಿ, ಸೂಟ್‌ಕೇಸಿನಲ್ಲಿ ಪ್ಲಾಸ್ಟಿಕ್ ಡಬ್ಬಿ ಹೊತ್ತುಕೊಂಡು ಹೋದೆನೇ ಹೊರತು, ನಲವತ್ತೇಳು ವರ್ಷದ ಡೈರಿಗಳ ಒಂದೇ ಒಂದು ಫೋಟೋ ತೆಗೆದುಕೊಂಡು ಬರಲಿಲ್ಲ.

ವಯಸ್ಸು ನನಗೂ ಆಗುತ್ತಿದೆ, ಐವತ್ತೆರಡು. ಇಲ್ಲಿ ಐವತ್ತು ದಾಟಿದವರಿಗೆ ಸರ್ಕಾರದಿಂದ ಒಂದು ಉಡುಗೊರೆ ಅಂಚೆಯಲ್ಲಿ ಬರುತ್ತದೆ. ಕರುಳಿನ ಕ್ಯಾನ್ಸರ್ ತಪಾಸಣೆಗೆ ಮಲದ ಒಂದು ಚೂರು ತೆಗೆದು ಕೊಳವೆಯಲ್ಲಿ ಹಾಕಿ ವಾಪಸು ಪೋಸ್ಟ್ ಮಾಡಬೇಕು, ಎರಡು ವರ್ಷಕ್ಕೊಮ್ಮೆ. ಇದನ್ನು ಅವ್ವನಿಗೆ ಹೇಳಿದಾಗ ಅವಳು ನಕ್ಕು ನಕ್ಕು ಕೆಮ್ಮು ಬರಿಸಿಕೊಂಡಿದ್ದಳು. ‘ಪಾಪ ಆ ಪೋಸ್ಟ್‌ಮ್ಯಾನು’ ಅಂತ. ಕನ್ನಡಕ ಬದಲಾಯಿಸಲು ಹೋದರೆ ಮಗಳ ವಯಸ್ಸಿನ ಹುಡುಗಿ ‘ನಿಮ್ಮ ವಯಸ್ಸಿಗೆ ಇದು ಸಹಜ’ ಅಂದಳು. ಮೇಲೆ ದೂರದ್ದು, ಕೆಳಗೆ ಹತ್ತಿರದ್ದು ಇರುವ ಕನ್ನಡಕ. ಅದನ್ನು ಹಾಕಿಕೊಂಡು ಮೆಟ್ಟಿಲಿಳಿಯುವಾಗ ಪ್ರತಿ ಸಲ ಅವ್ವನ ಪಾಚಿ ನೆನಪಾಗುತ್ತದೆ.

ಆಫೀಸಿನಲ್ಲಿ ಇಪ್ಪತ್ತು ವರ್ಷ ನನ್ನದೊಂದು ಪದ್ಧತಿಯಿತ್ತು. ಮೀಟಿಂಗ್ ಮುಗಿದ ಮೇಲೆ ಯಾರು ಏನಂದರು, ಯಾರು ಏನು ಮಾಡಬೇಕು ಅಂತ ನಾನೇ ಬರೆದು ಎಲ್ಲರಿಗೂ ಕಳಿಸುತ್ತಿದ್ದೆ. ಯಾರೂ ಹೇಳಿದ ಕೆಲಸವಲ್ಲ, ಅಪ್ಪನ ಚಾಳಿ ಇರಬೇಕು. ಆಗಸ್ಟ್ ಮೊದಲ ವಾರ ಹೀಗೇ ಬರೆಯಲು ಕೂತಾಗ ಮೂವತ್ತೊಂದರ ಪ್ರಾಯದ ನನ್ನ ಮ್ಯಾನೇಜರು ಬಂದು, ಬಹಳ ಮೆತ್ತಗೆ, ‘ನೀವು ತೊಂದರೆ ತಗೋಬೇಡಿ, ಎಐ ಬರೆದು ಕಳಿಸಿಯಾಗಿದೆ, ನಿಮಗೂ ಬಂದಿರಬೇಕು’ ಅಂದ. ಬಂದಿತ್ತು. ಚೆನ್ನಾಗಿಯೇ ಇತ್ತು, ತಪ್ಪು ಹುಡುಕಿದೆ, ಸಿಗಲಿಲ್ಲ. ಹುಡುಗ ಒಳ್ಳೆಯವನು. ಅವನಿಗೆ ಬಯ್ಯಲು ನನಗೆ ಬಾಯಿರಲಿಲ್ಲ. ಜುಲೈನಲ್ಲಿ ಅದೇ ಮಾತನ್ನು ಅಷ್ಟೇ ಮೆತ್ತಗೆ ನಾನು ಆಡಿಯಾಗಿತ್ತು.

ಅವ್ವನಿಗೆ ಫೋನು ಮಾಡಬೇಕು ಅಂದುಕೊಂಡು ನಾಲ್ಕು ದಿನ ತಳ್ಳಿದೆ. ತಪ್ಪಾಯಿತು ಅಂತ ಹೇಳುವ ಮಾತು ನಮ್ಮ ಮನೆಗಳಲ್ಲಿ ರೂಢಿಯಲ್ಲಿಲ್ಲ. ಆ ಸಂಕಟದಿಂದ ನನ್ನನ್ನು ಪಾರು ಮಾಡಿದ್ದು ಆ ಯಂತ್ರವೇ. ಆಗಸ್ಟ್ ನಡುವೆ ಒಂದು ಬೆಳಿಗ್ಗೆ ನೋಡಿದರೆ ಆ್ಯಪಿನಲ್ಲಿ ಸೊನ್ನೆ ಪಾಯಿಂಟ್ ಸೊನ್ನೆ ಸೊನ್ನೆ. ಮಾರನೇ ದಿನವೂ ಸೊನ್ನೆ. ಅದೇ ಹೊತ್ತಿಗೆ ವಾಟ್ಸಾಪಿನಲ್ಲಿ ಮಳೆಗೆ ಶಾಲೆಗಳಿಗೆ ರಜೆ ಕೊಟ್ಟ ಸುದ್ದಿ. ಲೆಕ್ಕ ಸಿಕ್ಕಿಲ್ಲ ಅನ್ನುವ ಮಾತು ಆ ಡಬ್ಬಿಗೆ ಬಾರದು, ಧೈರ್ಯವಾಗಿ ಸೊನ್ನೆ ಅಂತಿತ್ತು.

ನಾಲ್ಕು ಗಂಟೆಗೆ ಅಲಾರಾಂ ಇಟ್ಟುಕೊಂಡು ಎದ್ದು ಫೋನು ಮಾಡಿದೆ. ಅವ್ವ ಎರಡೇ ರಿಂಗಿಗೆ ಎತ್ತಿದಳು. ‘ಏನಾಯ್ತೋ?’ ಅಂದಳು ಗಾಬರಿಯಲ್ಲಿ. ಆ ಹೊತ್ತಿಗೆ ನಾನೆಂದೂ ಮಾಡಿದವನಲ್ಲ.

‘ಏನಿಲ್ಲ. ಎಷ್ಟು ಬಂತು?’

‘ನಿನ್ನ ಮೆಷಿನ್ ಕೇಳು.’

‘ಅದು ಸೊನ್ನೆ ಅಂತದೆ.’

ಅಲ್ಲಿ ಸ್ವಲ್ಪ ಹೊತ್ತು ಸುಮ್ಮನಾಯಿತು. ಆಮೇಲೆ ನಗು ಶುರುವಾಯಿತು. ಪೋಸ್ಟ್‌ಮ್ಯಾನಿಗೆ ನಕ್ಕಳಲ್ಲ, ಅದೇ ನಗು. ‘ಸಿಲ್ವರ್ ಎಲೆ ಬಿದ್ದು ಬಾಯಿ ಕಟ್ಟದೆ. ಮೇಲೊಂದು ಜೇಡ ಬೇರೆ ಮನೆ ಮಾಡದೆ. ಮೊನ್ನೆನೇ ನೋಡ್ದೆ.’

‘ನೋಡಿದೋಳು ಹೇಳ್ಬಾರ್ದಾ?’

‘ನೀನು ಕೇಳ್ಲಿಲ್ವಲ್ಲ.’

ಅವಳು ಅಳೆಯುವುದು ಒಂದು ದಿನವೂ ನಿಲ್ಲಿಸಿರಲಿಲ್ಲ. ಕಣದ ಅಂಚಿಗೆ ತಮ್ಮನ ಕೈಲಿ ಬ್ಲೀಚಿಂಗ್ ಪುಡಿ ಹಾಕಿಸಿ, ಒಂದು ಸಾಲು ಒರಟು ಕಲ್ಲು ಕೂರಿಸಿಕೊಂಡು, ಊರುಗೋಲು ಹಿಡಿದು ಹೋಗಿ ಬರುತ್ತಿದ್ದಾಳೆ. ಕಣ್ಣು ಪರೀಕ್ಷೆ ಮಾರ್ಚಿನಲ್ಲೇ ಆಗಿತ್ತು, ಪೊರೆ ಇನ್ನೂ ಬಲಿತಿಲ್ಲ ಅಂದಿದ್ದಾರಂತೆ. ಅದನ್ನೂ ನಾನು ಕೇಳಿರಲಿಲ್ಲ. ಕೆಂದ ಹಸು ಕರು ಹಾಕುವುದಕ್ಕೆ ಇನ್ನೂ ದಿನವಿದೆ. ಮೇಲಿನ ಪಟ್ಟೆಯಲ್ಲಿ ಕೊಳೆಗೆ ಕಾಯಿ ಉದುರಿ ನೆಲ ಕಪ್ಪಾಗಿದೆ. ಒಂದು ತಿಂಗಳಿನದನ್ನು ಹೇಳು, ಬರಕೊಳ್ತೀನಿ ಅಂದೆ. ಡೈರಿ ತರಲು ಎದ್ದಳು, ಕುರ್ಚಿ ಕಿರ್ರೆಂದಿತು, ಚಪ್ಪಲಿಯ ಸದ್ದು ದೂರವಾಗಿ ಮತ್ತೆ ಹತ್ತಿರವಾಯಿತು. ಹೆಂಡತಿ ಅಡಿಗೆಮನೆಗೆ ಬಂದು ನೋಡಿ, ಗ್ಯಾಸ್ ಬಿಲ್ಲಿನ ಹಿಂಬದಿಯಲ್ಲಿ ಅಂಕಿ ಗೀಚುತ್ತಾ ಕೂತ ನನ್ನನ್ನು ಏನೂ ಕೇಳದೆ ವಾಪಸು ಹೋದಳು. ಜುಲೈ ಹತ್ತು, ಒಂದು ಅರವತ್ತು. ಹನ್ನೊಂದು, ಒಂದು ಹದಿನೈದು. ಹನ್ನೆರಡು, ಇರು, ಕನ್ನಡಕ ಒರೆಸ್ಕೊಳ್ತೀನಿ. ನಾನೂ ನನ್ನದನ್ನು ಒರೆಸಿಕೊಂಡೆ.

ಮುಗಿದ ಮೇಲೆ ಅವಳು ಕೇಳಿದಳು. ‘ಅಲ್ಲೆಷ್ಟು?’

ನನಗೆ ಗೊತ್ತಿರಲಿಲ್ಲ. ಹದಿನೇಳು ವರ್ಷದಲ್ಲಿ ಈ ಊರಿನ ಮಳೆ ಎಷ್ಟು ಅಂತ ನಾನು ಯಾರನ್ನೂ ಕೇಳಿರಲಿಲ್ಲ. ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜಿ ಅಳೆಯುತ್ತಾರೆ, ನಮ್ಮದೇ ಥರದ್ದು, ತಾಮ್ರದ್ದು ಅಂದೆ. ‘ಹೌದಾ?’ ಅಂದಳು, ಬಹಳ ಹೊತ್ತು ಆ ಅಜ್ಜಿಯನ್ನೇ ವಿಚಾರಿಸಿದಳು. ಎಷ್ಟು ವಯಸ್ಸು, ಒಬ್ಬರೇನಾ, ಗ್ಲಾಸು ಎಲ್ಲಿಡುತ್ತಾರೆ. ಗ್ಲಾಸು ಎಲ್ಲಿಡುತ್ತಾರೆ ಅಂತ ನಾನು ಸಂಜೆ ಹೋಗಿ ಕೇಳಬೇಕಾಯಿತು. ಅಡಿಗೆಮನೆಯ ಕಪಾಟಿನಲ್ಲಿ, ಸತ್ತ ಗಂಡನ ಕಾಲುಚೀಲದೊಳಗೆ.

ಈಗ ಮತ್ತೆ ನಾಲ್ಕು ಗಂಟೆಗೆ ಅವ್ವನ ಮಾತು ಬರುತ್ತದೆ. ಪ್ಲಾಸ್ಟಿಕ್ ಡಬ್ಬಿಯ ಎಲೆ ತೆಗೆಸುವುದು ಬೇಡ ಅಂದಿದ್ದೇನೆ, ಜೇಡ ಇರಲಿ. ಡೈರಿಗಳ ಫೋಟೋ ತೆಗೆದು ಕಳಿಸು ಅಂತ ತಮ್ಮನಿಗೆ ಹೇಳಿದ್ದೆ. ಅವನು ಸೋಮಾರಿ, 1978ರಿಂದ ಶುರು ಮಾಡು ಅಂದರೆ ಕೈಗೆ ಸಿಕ್ಕಿದ್ದನ್ನು, 2025ರ ಆಗಸ್ಟನ್ನು, ಮೊದಲು ಕಳಿಸಿದ. ದೊಡ್ಡದು ಮಾಡಿ ನೋಡಿದೆ. ಎಡಗಡೆ ತಾರೀಖು, ನಡುವೆ ಅವ್ವನ ಗುಂಡು ಅಂಕಿ. ಬಲಗಡೆ ಸ್ಕೇಲು ಇಟ್ಟು ಹೊಸದೊಂದು ಗೆರೆ ಎಳೆದಿದ್ದಾಳೆ, ಮೇಲೆ ‘ರೀಡಿಂಗ್ ಅಜ್ಜಿ’ ಅಂತ ಬರೆದಿದೆ. ಅದರ ಕೆಳಗೆ ಸಾಲಾಗಿ ೦, ೦, ೦, ೦-೦೨, ೦.